177ನೇ ಅಕ್ಷರದಲ್ಲಿ ಚೌಕಳಿ ಸೀರೆ: ಅಸೆಂಬ್ಲಿಯಲ್ಲಿ ಬಣ್ಣದ ಕೆಲಸ

ಬೆಟಗೇರಿಯಲ್ಲಿ ನಮ್ಮ ಓಣಿಯ ಕಾಕಾ ಒಬ್ಬರು ಕೈಮಗ್ಗದಲ್ಲಿ ಚೌಕಳಿ ಸೀರೆ ನೇಯುತ್ತಾರೆ. ಹೊಸ ಬಣ್ಣದ ಜೋಡಿ ಹಾಕುವ ಮೊದಲು ನೂಲಿನ ಲಡಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಅವರ ರೂಢಿ. ತೊಂದರೆ ಏನೆಂದರೆ, ಲಡಿ ಪಕ್ಕಪಕ್ಕ ಇದ್ದಾಗ ಕಾಣುವ ಬಣ್ಣವೇ ಬೇರೆ, ಎಳೆಗಳು ಒಂದನ್ನೊಂದು ದಾಟಿದಾಗ ಕಾಣುವ ಬಣ್ಣವೇ ಬೇರೆ. "ತಮ್ಮಾ, ಹಾಸು ಒಮ್ಮೆ ಮಗ್ಗಕ್ಕ ಏರಿತಂದ್ರ ಮುಗೀತು. ಹೊಕ್ಕ ಬೇಕಾದ್ರ ನಾಳೆನೂ ಬದಲಸ್ತೀನಿ" ಎಂದರು ಕಾಕಾ. ಅಂದರೆ ಹಾಸನ್ನು (ಉದ್ದದ ಎಳೆಗಳನ್ನು) ಒಮ್ಮೆ ಗಟ್ಟಿ ಮಾಡಿಕೊಂಡು, ಹೊಕ್ಕಿನ (ಅಡ್ಡ ಎಳೆಗಳ) ಬಣ್ಣಗಳನ್ನು ಒಂದೊಂದಾಗಿ ಹಾಕಿ ನೋಡುವ ಸಾಧನ ಬೇಕು.

ಅವರ ಮನೆಯಲ್ಲಿ ಹಳೆಯ ಪೆಂಟಿಯಂ ಗಣಕ ಇತ್ತು. ಜೊತೆಗೆ ದಪ್ಪ ಗಾಜಿನ ಮಾನಿಟರ್. ಮೊದಲು ಅದರಲ್ಲಿ ಲೆಕ್ಕ ಬರೆಯುತ್ತಿದ್ದರಂತೆ, ಈಗ ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದರು. ಅದಕ್ಕೆ ಫ್ರೀಡಾಸ್, ಅಂದರೆ ಹಳೆಯ ಡಾಸ್‌ನಂತೆ ಕೆಲಸ ಮಾಡುವ ಉಚಿತ ಆಪರೇಟಿಂಗ್ ಸಿಸ್ಟಮ್, ಹಾಕಿದೆ. ಪ್ರೋಗ್ರಾಮ್ ಬರೆಯಲು ನಾಸ್ಮ್ ಅಸೆಂಬ್ಲರ್, ಅಂದರೆ ಅಸೆಂಬ್ಲಿಯಲ್ಲಿ ಬರೆದ ಪ್ರೊಸೆಸರ್ ಆದೇಶಗಳನ್ನು ಯಂತ್ರಸಂಕೇತಕ್ಕೆ ತಿರುಗಿಸುವ ಸಾಧನ. ಸಿ ಭಾಷೆಯಲ್ಲೂ ಬರೆಯಬಹುದಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಈ ಕೆಲಸ ಎಷ್ಟು ಚಿಕ್ಕದೆಂದರೆ, ಅಸೆಂಬ್ಲಿಯಲ್ಲಿ ಬರೆದ ಕಾಮ್ ಫೈಲ್ ಒಂದು ಕಿಲೋಬೈಟ್ ಕೂಡ ಆಗಲಿಲ್ಲ. ಅದೂ ಅಲ್ಲದೆ ನನಗೆ ಅಸೆಂಬ್ಲಿ ಅಂದರೆ ಇಷ್ಟ. ಅಷ್ಟು ಸಾಕಲ್ವಾ?

ಕೆಳಗೆ ಕೋಡನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿಕೊಳ್ಳಿ. ಕೊನೆಗೆ ಎಚ್ ಇರುವ, ಅಥವಾ ಬಿ800, 3ಸಿ4ರಂತೆ ನಡುವೆ ಅಕ್ಷರ ಇರುವ ಸಂಖ್ಯೆಗಳು ಹದಿನಾರರ ಎಣಿಕೆಯವು (ಹೆಕ್ಸ್).

ಒಂದು ಬೈಟಿನಲ್ಲಿ ಎರಡು ಬಣ್ಣ

ಡಾಸ್‌ನ ಟೆಕ್ಸ್ಟ್ ಮೋಡ್‌ನಲ್ಲಿ ಪರದೆ 80 ಕಂಬ, 25 ಸಾಲು. ಒಂದು ಅಕ್ಷರ ಕೂರುವ ಪ್ರತಿ ಮನೆಗೂ ಎರಡು ಬೈಟ್. ಮೊದಲನೆಯದು ಅಕ್ಷರ, ಎರಡನೆಯದು ಅದರ ಬಣ್ಣ. ಈ ಎರಡನೆಯ ಬೈಟಿಗೆ ಆಟ್ರಿಬ್ಯೂಟ್ ಬೈಟ್ ಎನ್ನುತ್ತಾರೆ. ಅದರ ಕೆಳಗಿನ ನಾಲ್ಕು ಬಿಟ್ ಅಕ್ಷರದ ಬಣ್ಣ, ಮೇಲಿನ ನಾಲ್ಕು ಹಿನ್ನೆಲೆಯ ಬಣ್ಣ. ಬಣ್ಣದ ಸಂಖ್ಯೆ ಲೆಕ್ಕ ಹಾಕುವುದೂ ಸುಲಭ: ನೀಲಿಗೆ 1, ಹಸಿರಿಗೆ 2, ಕೆಂಪಿಗೆ 4, ಹೊಳಪಿಗೆ 8. ಬೇಕಾದ್ದನ್ನು ಕೂಡಿಸಿದರಾಯಿತು. ಕೆಂಪು, ನೀಲಿ ಸೇರಿ 5, ಅದು ಮೆಜೆಂಟಾ. ಮೂರೂ ಸೇರಿ 7, ತಿಳಿ ಬೂದು. ಅದಕ್ಕೆ ಹೊಳಪು ಸೇರಿಸಿದರೆ 15, ಅಪ್ಪಟ ಬಿಳಿ.

ನೀಲಿ ಹಿನ್ನೆಲೆಯ ಮೇಲೆ ಹಳದಿ ಅಕ್ಷರ ಬೇಕೆಂದರೆ 1ನ್ನು 16ರಿಂದ ಗುಣಿಸಿ 14 ಕೂಡಿಸಬೇಕು. ಉತ್ತರ 30. ಬಿಟ್‌ಗಳಲ್ಲಿ 0001 1110. ಕಪ್ಪಿನ ಮೇಲೆ ತಿಳಿ ಬೂದು, ಅಂದರೆ ಡಾಸ್ ಶುರುವಾದಾಗ ಕಾಣುವ ಬಣ್ಣ, ಬರೀ 7.

ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಎಲ್ಲರೂ ಮೊದಲು ಕಲಿಯುವುದು ಇಂಟರಪ್ಟ್ 21ಎಚ್‌ನ 9ನೇ ಸೇವೆ. ಇಂಟರಪ್ಟ್ ಅಂದರೆ ಇಲ್ಲಿ ಡಾಸ್ ಅಥವಾ ಬಯೋಸ್ ಅನ್ನು ಕೆಲಸಕ್ಕೆ ಕರೆಯುವ ಆದೇಶ. ಡಾಲರ್ ಚಿಹ್ನೆಯಿಂದ ಮುಗಿಯುವ ಸಾಲನ್ನು ಈ ಸೇವೆ ಪರದೆಗೆ ಬರೆಯುತ್ತದೆ. ಅದಕ್ಕೆ ಬಣ್ಣ ಹೇಳಲು ಜಾಗವೇ ಇಲ್ಲ. ಮನೆಯಲ್ಲಿ ಮೊದಲೇ ಯಾವ ಬಣ್ಣ ಇದೆಯೋ ಅದರ ಮೇಲೆಯೇ ಅಕ್ಷರ ಕೂರಿಸಿ ಹೋಗುತ್ತದೆ. ಬಣ್ಣ ಹೇಳಬೇಕೆಂದರೆ ಯಂತ್ರದೊಳಗೇ ಇರುವ ಮೂಲ ಪ್ರೋಗ್ರಾಮ್ ಆದ ಬಯೋಸ್ ಹತ್ತಿರ, ಅಂದರೆ ಇಂಟರಪ್ಟ್ 10ಎಚ್ ಹತ್ತಿರ ಹೋಗಬೇಕು. ಅದರಲ್ಲೂ 9ನೇ ಸೇವೆ ಇದೆ, ಆದರೆ ಅದರ ದಾರಿ ಬೇರೆ. ಬೇಕಾದ್ದನ್ನು ರಿಜಿಸ್ಟರ್‌ಗಳಲ್ಲಿ, ಅಂದರೆ ಪ್ರೊಸೆಸರ್‌ನೊಳಗೆ ಸಂಖ್ಯೆ ಇಡುವ ಪುಟ್ಟ ಜಾಗಗಳಲ್ಲಿ ಹಾಕಿ ಕರೆಯಬೇಕು. ಎಎಲ್‌ನಲ್ಲಿ ಅಕ್ಷರ, ಬಿಎಲ್‌ನಲ್ಲಿ ಬಣ್ಣ, ಬಿಎಚ್‌ನಲ್ಲಿ ಪುಟ, ಸಿಎಕ್ಸ್‌ನಲ್ಲಿ ಎಷ್ಟು ಸಲ ಎಂಬುದು. ಬರೆದಾದ ಮೇಲೆ ಕರ್ಸರ್ ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ಮುಂದಕ್ಕೆ ಒಯ್ಯಲು 2ನೇ ಸೇವೆಯನ್ನು ನಾವೇ ಕರೆಯಬೇಕು, ಡಿಎಚ್‌ನಲ್ಲಿ ಸಾಲು, ಡಿಎಲ್‌ನಲ್ಲಿ ಕಂಬ ಕೊಟ್ಟು.

ಈ ಎರಡೂ ಸೇರಿದರೆ ಒಂದು ಒಳ್ಳೆಯ ಉಪಾಯ ಸಿಗುತ್ತದೆ. ಬಯೋಸ್‌ನಿಂದ ಮೊದಲು ಖಾಲಿ ಜಾಗಕ್ಕೆ ಬಣ್ಣ ಬಳಿಯಿರಿ, ಆಮೇಲೆ ಡಾಸ್‌ನ 9ನೇ ಸೇವೆಯಿಂದ ಅದರ ಮೇಲೆ ಬರೆಯಿರಿ. ಬಣ್ಣ ಉಳಿಯುತ್ತದೆ, ಕರ್ಸರ್ ಕೂಡ ತಾನೇ ಮುಂದೆ ಹೋಗುತ್ತದೆ. ನಾಲ್ಕು ಸಾಲಿನ ಮೆನು ಬರೆಯುವವರಿಗೆ ಇದು ಸಾಕು.

ಸೀರೆಗೆ ಸಾಲದು. ಇಲ್ಲಿ ಪ್ರತಿ ಮನೆಗೂ ಬಣ್ಣ ಬೇರೆ. ಎರಡು ಸಾವಿರ ಮನೆ, ಪ್ರತಿಯೊಂದಕ್ಕೂ ಎರಡು ಇಂಟರಪ್ಟ್. ಹಳೆಯ ಯಂತ್ರದಲ್ಲಿ ಬಣ್ಣ ಮೇಲಿಂದ ಕೆಳಕ್ಕೆ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಹಾಗಾಗಿ ನೇರವಾಗಿ ವಿಡಿಯೊ ಮೆಮೊರಿಗೆ ಬರೆಯುವುದೇ ಸರಿ. ನನ್ನ ಕೇಳಿದರೆ ಬಯೋಸ್ ಸೇವೆಗಳು ಕಲಿಯಲು ಚೆಂದ, ಕೆಲಸಕ್ಕೆ ಮೆಮೊರಿಯೇ ಚೆಂದ.

ಹಾಸು ಹಿಂದೆ, ಹೊಕ್ಕು ಮುಂದೆ

ಕಲರ್ ಟೆಕ್ಸ್ಟ್ ಮೋಡ್‌ನಲ್ಲಿ ಪರದೆಯ ಮೆಮೊರಿ ಶುರುವಾಗುವುದು ಬಿ800 ಸೆಗ್ಮೆಂಟಿನಲ್ಲಿ. ಒಟ್ಟು 4000 ಬೈಟ್. ಯಾವುದೇ ಮನೆಯ ವಿಳಾಸ ಬೇಕೆಂದರೆ ಸಾಲನ್ನು 160ರಿಂದ, ಕಂಬವನ್ನು 2ರಿಂದ ಗುಣಿಸಿ ಕೂಡಿಸಬೇಕು. ಎಣಿಕೆ ಸೊನ್ನೆಯಿಂದ.

ಡಾಸ್‌ನ ಹಳೆಯ ಅಕ್ಷರಮಾಲೆಯಲ್ಲಿ 176, 177, 178 ಎಂಬ ಮೂರು ಚುಕ್ಕಿ ಅಕ್ಷರಗಳಿವೆ. ಪರದೆಗೆ ಚಿತ್ರ ಕಳಿಸುವ ಹಾರ್ಡ್‌ವೇರ್ ಆದ ವಿಜಿಎಯ 8 ಅಗಲ, 16 ಎತ್ತರದ ಫಾಂಟ್‌ನಲ್ಲಿ 177ನ್ನು ಬಿಡಿಸಿ ನೋಡಿದರೆ ಒಂದು ಸಾಲು 01010101, ಮುಂದಿನ ಸಾಲು 10101010, ಮತ್ತೆ ಹಾಗೆಯೇ. ಸಾದಾ ನೇಯ್ಗೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ಮುಂದಿನ ಸಾಲಿನಲ್ಲಿ ಅದಲು ಬದಲು. ನೇಯ್ಗೆಯ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಬರೆದರೂ ಇದೇ ಬರುತ್ತದೆ. ಒಂದು ಬಿಟ್ ಅಂದರೆ ಹಾಸು ಹೊಕ್ಕು ದಾಟುವ ಒಂದು ಜಾಗ. ಬಿಟ್ 1 ಇದ್ದಲ್ಲಿ ಅಕ್ಷರದ ಬಣ್ಣ, ಅಂದರೆ ಹೊಕ್ಕು ಮೇಲೆ. 0 ಇದ್ದಲ್ಲಿ ಹಿನ್ನೆಲೆಯ ಬಣ್ಣ, ಅಂದರೆ ಹಾಸು ಮೇಲೆ. ಒಂದು ಮನೆಯಲ್ಲಿ ಹಾಸಿನ ಎಂಟು ಎಳೆ, ಹೊಕ್ಕಿನ ಹದಿನಾರು.

ಹೀಗಾಗಿ ಇಡೀ ಪ್ರೋಗ್ರಾಮ್ ಎರಡು ಪಟ್ಟಿಗಳ ಮೇಲೆ ನಿಂತಿದೆ. ಹಾಸಿನ ಪಟ್ಟಿಯಲ್ಲಿ 80 ಬೈಟ್, ಕಂಬಕ್ಕೆ ಒಂದು ಬಣ್ಣ. ಹೊಕ್ಕಿನ ಪಟ್ಟಿಯಲ್ಲಿ 24 ಬೈಟ್, ಸಾಲಿಗೆ ಒಂದು ಬಣ್ಣ. ಕೊನೆಯ ಸಾಲನ್ನು ಬಣ್ಣದ ಪಟ್ಟಿ ತೋರಿಸಲು ಬಿಟ್ಟೆ. ಬರೆಯುವ ಭಾಗ ಇಷ್ಟೇ:

ಸಿಎಲ್‌ಡಿ
ಮೂವ್ ಎಎಕ್ಸ್, 0ಬಿ800ಎಚ್
ಮೂವ್ ಇಎಸ್, ಎಎಕ್ಸ್
ಎಕ್ಸಾರ್ ಡಿಐ, ಡಿಐ
ಎಕ್ಸಾರ್ ಬಿಎಕ್ಸ್, ಬಿಎಕ್ಸ್
ಸಾಲು:
ಎಕ್ಸಾರ್ ಎಸ್‌ಐ, ಎಸ್‌ಐ
ಮನೆ:
ಮೂವ್ ಎಎಚ್, [ಹಾಸು+ಎಸ್‌ಐ]
ಎಸ್‌ಎಚ್‌ಎಲ್ ಎಎಚ್, 4
ಆರ್ ಎಎಚ್, [ಹೊಕ್ಕು+ಬಿಎಕ್ಸ್]
ಮೂವ್ ಎಎಲ್, 177
ಸ್ಟಾಸ್‌ಡಬ್ಲ್ಯೂ
ಇಂಕ್ ಎಸ್‌ಐ
ಸಿಎಂಪಿ ಎಸ್‌ಐ, 80
ಜೆಬಿ ಮನೆ
ಇಂಕ್ ಬಿಎಕ್ಸ್
ಸಿಎಂಪಿ ಬಿಎಕ್ಸ್, 24
ಜೆಬಿ ಸಾಲು

ಸ್ಟಾಸ್‌ಡಬ್ಲ್ಯೂ ಎಎಲ್ ಅನ್ನು ಮೊದಲ ಬೈಟಿಗೆ, ಎಎಚ್ ಅನ್ನು ಎರಡನೆಯದಕ್ಕೆ ಹಾಕಿ, ಡಿಐಯನ್ನು ಎರಡು ಹೆಜ್ಜೆ ಮುಂದೆ ತಳ್ಳುತ್ತದೆ. ಪರದೆಗೆ ಬೇಕಾದ ಕ್ರಮವೂ ಅದೇ, ಮೊದಲು ಅಕ್ಷರ, ಆಮೇಲೆ ಬಣ್ಣ. ಎಎಚ್ ಅನ್ನು ನಾಲ್ಕು ಬಿಟ್ ಎಡಕ್ಕೆ ಸರಿಸಿದಾಗ ಹಾಸು ಮೇಲಿನ ಅರ್ಧಕ್ಕೆ ಹೋಗುತ್ತದೆ, ಆರ್ ಮಾಡಿದಾಗ ಹೊಕ್ಕು ಕೆಳಗಿನ ಅರ್ಧಕ್ಕೆ ಬಂದು ಕೂರುತ್ತದೆ. ಸಿಎಲ್‌ಡಿ ಬಿಡಬೇಡಿ. ದಿಕ್ಕಿನ ಫ್ಲ್ಯಾಗ್ ತಿರುಗಿದ್ದರೆ ಬರಹ ಹಿಂದಕ್ಕೆ ಓಡುತ್ತದೆ.

ಒಂದು ಕೀ ಒತ್ತಿದರೆ ಹೊಕ್ಕಿನ ಪಟ್ಟಿಯ ಬಣ್ಣ ಒಂದು ಏರುತ್ತದೆ, ಇನ್ನೊಂದು ಒತ್ತಿದರೆ ಇಳಿಯುತ್ತದೆ, ಪರದೆ ಮತ್ತೆ ಬರೆಯಲ್ಪಡುತ್ತದೆ. ಇದರಲ್ಲಿ ಹೇಳುವಂಥದ್ದೇನಿಲ್ಲ, ಕೀಲಿಮಣೆ ಓದುವ ಇಂಟರಪ್ಟ್ 16ಎಚ್.

ಕೊನೆಯ ಸಾಲಿನ ಬಗ್ಗೆ ಮಾತ್ರ ಒಂದು ಮಾತು. ಬಯೋಸ್‌ನ 13ಎಚ್ ಸೇವೆಯಿಂದ ಬಣ್ಣದ ಸಾಲನ್ನು ಒಂದೇ ಏಟಿಗೆ ಬರೆಯಬಹುದು. ಆದರೆ ಕರ್ಸರ್ ಮುಂದೆ ಹೋಗಲಿ ಎಂದು ಹೇಳಿ, ಪರದೆಯ ಕಟ್ಟಕಡೆಯ ಮನೆಯನ್ನೂ ತುಂಬಿದರೆ, ಇಡೀ ಪರದೆ ಒಂದು ಸಾಲು ಮೇಲಕ್ಕೆ ಜಾರುತ್ತದೆ. ಸೀರೆಯ ಮೊದಲ ಸಾಲು ಮಾಯ. ಆ ಮೂಲೆಯ ಮನೆಯನ್ನು ನೇರವಾಗಿ ಮೆಮೊರಿಗೇ ಬರೆಯಿರಿ.

ಮಿಣುಕುವ ಸೀರೆ

ಹಾಸಿಗೆ 7ರ ಒಳಗಿನ ಬಣ್ಣ ಕೊಟ್ಟಷ್ಟು ಹೊತ್ತು ಎಲ್ಲ ಸರಿ. ಕಾಕಾ ಹಳದಿ ಹಾಸು ಕೇಳಿದರು. ಹಳದಿ ಅಂದರೆ 14. ಬಂದದ್ದು ಕಂದು ಹಿನ್ನೆಲೆ, ಅದರ ಮೇಲಿನ ಚುಕ್ಕಿಗಳೆಲ್ಲ ಹತ್ತಿ ಆರಿ ಹತ್ತಿ ಆರಿ. "ಇದೇನಪಾ, ಸೀರಿ ಮಿಣುಕಾಕ ಹತ್ತೈತಿ! ದೀಪಾವಳಿಗೆ ಚಲೋ ಆಕ್ಕೈತಿ" ಎಂದು ನಕ್ಕರು.

ಕಾರಣ ಇಷ್ಟು. ಆಟ್ರಿಬ್ಯೂಟ್ ಬೈಟಿನ ಎಲ್ಲಕ್ಕಿಂತ ಮೇಲಿನ ಬಿಟ್ ಹಿನ್ನೆಲೆಯ ಹೊಳಪಲ್ಲ, ಮಿಣುಕು. ಯಂತ್ರ ಶುರುವಾದಾಗ ಹಾಗೆಯೇ ಇರುತ್ತದೆ. ಹಾಗಾಗಿ ಅಕ್ಷರಕ್ಕೆ 16 ಬಣ್ಣ, ಹಿನ್ನೆಲೆಗೆ 8 ಮಾತ್ರ. ವಿಜಿಎ ಬಯೋಸ್‌ನಲ್ಲಿ ಇದನ್ನು ಬದಲಿಸಲು ಸೇವೆ ಇದೆ: ಎಎಕ್ಸ್‌ನಲ್ಲಿ 1003ಎಚ್, ಬಿಎಕ್ಸ್‌ನಲ್ಲಿ 0 ಹಾಕಿ ಇಂಟರಪ್ಟ್ 10ಎಚ್ ಕರೆಯಿರಿ. ಮಿಣುಕು ನಿಂತು ಹಿನ್ನೆಲೆಗೂ 16 ಬಣ್ಣ ಸಿಗುತ್ತವೆ. ಬಿಎಲ್‌ನಲ್ಲಿ 1 ಹಾಕಿದರೆ ಮತ್ತೆ ಮಿಣುಕು.

ಒಂಬತ್ತನೇ ಚುಕ್ಕಿ

ಮುಂದಿನದನ್ನು ಹಿಡಿದದ್ದು ಕಾಕಾ ಅವರೇ. ಮಾನಿಟರಿನ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, "ನಡುನಡುವ ಈ ಗೆರಿ ಯಾಕ ಬಂದಾವು? ಹೊಕ್ಕಿನ ಎಳಿ ಹರದಂಗ ಕಾಣತೈತಿ" ಎಂದರು. ನೋಡಿದರೆ ಹೌದು. ಪ್ರತಿ ಮನೆಯ ಬಲಕ್ಕೆ ಕೂದಲಿನಷ್ಟು ತೆಳ್ಳಗಿನ ಒಂದು ನಿಲುವು ಗೆರೆ, ಬರೀ ಹಾಸಿನ ಬಣ್ಣದಲ್ಲಿ. ಎಂಟು ಎಳೆ ಸರಿಯಾಗಿ ನೇಯ್ದು, ಒಂದು ಎಳೆಯನ್ನು ಹೊಕ್ಕು ದಾಟದೇ ಬಿಟ್ಟ ಹಾಗೆ.

ವಿಜಿಎ ಟೆಕ್ಸ್ಟ್ ಮೋಡ್‌ನಲ್ಲಿ ಫಾಂಟ್ 8 ಚುಕ್ಕಿ ಅಗಲ ಇದ್ದರೂ ಮನೆ 9 ಚುಕ್ಕಿ ಅಗಲ ಇರುತ್ತದೆ. ಅಕ್ಷರಗಳ ನಡುವೆ ಸ್ವಲ್ಪ ಉಸಿರು ಇರಲಿ ಎಂದು. 80ನ್ನು 9ರಿಂದ ಗುಣಿಸಿದರೆ 720, ಹಾಗಾಗಿಯೇ ಪರದೆ 720 ಅಗಲ, 400 ಎತ್ತರ. ಒಂಬತ್ತನೇ ಚುಕ್ಕಿಗೆ ಹಿನ್ನೆಲೆಯ ಬಣ್ಣ. 192ರಿಂದ 223ರವರೆಗಿನ ಗೆರೆ ಅಕ್ಷರಗಳಿಗೆ ಮಾತ್ರ ರಿಯಾಯಿತಿ, ಅಲ್ಲಿ ಎಂಟನೇ ಚುಕ್ಕಿಯೇ ಒಂಬತ್ತಕ್ಕೂ ಹರಡುತ್ತದೆ, ಪೆಟ್ಟಿಗೆಯ ಗೆರೆ ತುಂಡಾಗದಿರಲಿ ಎಂದು. ನಮ್ಮ 177 ಆ ಗುಂಪಿನಲ್ಲಿ ಇಲ್ಲ.

ಎರಡು ದಾರಿ ಇತ್ತು. 177ರ ಚಿತ್ರವನ್ನು ಆ ಗುಂಪಿನ ಒಂದು ಸಂಖ್ಯೆಗೆ ಹಾಕಿಕೊಳ್ಳುವುದು ಮೊದಲನೆಯದು. ಆಗ ಎಂಟನೇ ಎಳೆ ದಪ್ಪಗಾಗುತ್ತದೆ, ಅದನ್ನೂ ಕಾಕಾ ಬಿಡುವುದಿಲ್ಲ. ಹಾಗಾಗಿ ಎರಡನೆಯದನ್ನು ಹಿಡಿದೆ: ಮನೆಯನ್ನೇ 8 ಚುಕ್ಕಿಗೆ ಇಳಿಸುವುದು.

ಇದಕ್ಕೆ ವಿಜಿಎಯೊಳಗೆ ಮೂರು ಕಡೆ ಕೈ ಹಾಕಬೇಕು. ಪೋರ್ಟ್ ಅಂದರೆ ಹಾರ್ಡ್‌ವೇರ್ ಜೊತೆ ಮಾತಾಡುವ ವಿಳಾಸ, ಸೀಕ್ವೆನ್ಸರ್ ಅಂದರೆ ಚುಕ್ಕಿಗಳ ಗತಿ ನಡೆಸುವ ಭಾಗ. ಸೀಕ್ವೆನ್ಸರ್‌ನ ಪೋರ್ಟ್ 3ಸಿ4ಕ್ಕೆ 0 ಕೊಟ್ಟು, 3ಸಿ5ಕ್ಕೆ 1 ಬರೆದು ಅದನ್ನು ನಿಲ್ಲಿಸಿಕೊಳ್ಳಬೇಕು. ಪೋರ್ಟ್ 3ಸಿಸಿಯಿಂದ ಓದಿದ ಬೈಟಿನ 2 ಮತ್ತು 3ನೇ ಬಿಟ್ ಸೊನ್ನೆ ಮಾಡಿ 3ಸಿ2ಕ್ಕೆ ಬರೆಯಬೇಕು. ಗಡಿಯಾರ 28.322 ಮೆಗಾಹರ್ಟ್ಸ್‌ನಿಂದ 25.175ಕ್ಕೆ ಇಳಿಯುತ್ತದೆ. ಸರಿಯಾಗಿ 9ಕ್ಕೆ 8ರ ಲೆಕ್ಕ, ಅದಕ್ಕೇ ಸಾಲಿನ ಅವಧಿ ಬದಲಾಗುವುದಿಲ್ಲ, ಮಾನಿಟರ್ ತಕರಾರು ಮಾಡುವುದಿಲ್ಲ. ಆಮೇಲೆ ಸೀಕ್ವೆನ್ಸರ್‌ನ 1ನೇ ರಿಜಿಸ್ಟರ್ ಓದಿ, ಅದರ ಕೆಳಗಿನ ಬಿಟ್ 1 ಮಾಡಿ ಬರೆದು, ಕೊನೆಗೆ 0ನೇ ರಿಜಿಸ್ಟರಿಗೆ 3 ಕೊಟ್ಟು ಸೀಕ್ವೆನ್ಸರ್ ಅನ್ನು ಮತ್ತೆ ನಡೆಸಬೇಕು. ಇಷ್ಟಾದರೂ ಚಿತ್ರ ಪಕ್ಕಕ್ಕೆ ಸರಿದಂತೆ ಇರುತ್ತದೆ, ಏಕೆಂದರೆ 9 ಚುಕ್ಕಿಯ ಮೋಡ್‌ನಲ್ಲಿ ಪ್ಯಾನಿಂಗ್ ರಿಜಿಸ್ಟರ್‌ನಲ್ಲಿ 8 ಇರುತ್ತದೆ, 8 ಚುಕ್ಕಿಗೆ ಅದು 0 ಆಗಬೇಕು. ಎಎಕ್ಸ್‌ನಲ್ಲಿ 1000ಎಚ್, ಬಿಎಲ್‌ನಲ್ಲಿ 13ಎಚ್, ಬಿಎಚ್‌ನಲ್ಲಿ 0 ಹಾಕಿ ಬಯೋಸ್ ಕರೆದರೆ ಅದೂ ಮುಗಿಯಿತು.

ಗೆರೆ ಹೋಯಿತು. ಮನೆಯಿಂದ ಮನೆಗೆ ಹೊಲಿಗೆಯೇ ಕಾಣುವುದಿಲ್ಲ. ನೀಲಿ ಹಾಸಿಗೆ ಕೆಂಪು ಹೊಕ್ಕು ಹಾಕಿ ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದರೆ ಅಪ್ಪಟ ಬದನೆಕಾಯಿ ಬಣ್ಣ. ಪರದೆಯ ಮೇಲೆ ಆ ಬಣ್ಣದ ಒಂದು ಚುಕ್ಕಿಯೂ ಇಲ್ಲ.

ಸಾಸಿವೆ ಹಳದಿ ತರಿಸುವುದು

ನಮ್ಮ ಗದಗ ಜಿಲ್ಲೆಯದೇ ಆದ ಗಜೇಂದ್ರಗಡದ ಪಟ್ಟೇದಂಚು ಸೀರೆ ನೋಡಿದವರಿಗೆ ಸಾಸಿವೆ ಹಳದಿ ಗೊತ್ತಿರುತ್ತದೆ. ಕಾಕಾ ಅದನ್ನೇ ಕೇಳಿದರು. 16 ಬಣ್ಣಗಳಲ್ಲಿ 14 ನಿಂಬೆಹಣ್ಣಿನಂತೆ ಕಣ್ಣು ಕುಕ್ಕುತ್ತದೆ. 6 ತೋರಿಸಿದರೆ, "ಇದು ಸಾಸಿವಿ ಅಲ್ಲೋ ತಮ್ಮಾ, ಒಣಗಿದ ಎಲಿ."

6ರದ್ದು ಒಂದು ಹಳೆಯ ಕತೆ. ಕೆಂಪು 4, ಹಸಿರು 2 ಸೇರಿದರೆ ಲೆಕ್ಕದ ಪ್ರಕಾರ ಮಂಕು ಹಳದಿ ಬರಬೇಕು. ಅದು ನೋಡಲು ಚೆನ್ನಾಗಿರಲಿಲ್ಲ. ಐಬಿಎಂನ 5153 ಕಲರ್ ಮಾನಿಟರ್‌ನಲ್ಲಿ ಆ ಒಂದು ಬಣ್ಣಕ್ಕೆ ಮಾತ್ರ ಹಸಿರನ್ನು ತಗ್ಗಿಸಿ ಕಂದು ಮಾಡುವ ಸರ್ಕಿಟ್ ಇಟ್ಟಿದ್ದರು. 1987ರ ವಿಜಿಎ ಕೂಡ ಅದನ್ನೇ ಉಳಿಸಿಕೊಂಡಿತು. ಅದರಲ್ಲಿ ಬಣ್ಣದ ಪ್ರತಿ ಪಾಲಿಗೂ 0ಯಿಂದ 63ರವರೆಗೆ ಅಳತೆ. ಕಂದು ಅಂದರೆ ಕೆಂಪು 42, ಹಸಿರು 21, ನೀಲಿ 0.

ಅಂದರೆ ವಿಜಿಎಯಲ್ಲಿ ಈ ಅಳತೆಗಳನ್ನೇ ಬದಲಿಸಬಹುದು. ಎಎಕ್ಸ್‌ನಲ್ಲಿ 1010ಎಚ್, ಬಿಎಕ್ಸ್‌ನಲ್ಲಿ ಬಣ್ಣದ ರಿಜಿಸ್ಟರ್ ಸಂಖ್ಯೆ, ಡಿಎಚ್‌ನಲ್ಲಿ ಕೆಂಪು, ಸಿಎಚ್‌ನಲ್ಲಿ ಹಸಿರು, ಸಿಎಲ್‌ನಲ್ಲಿ ನೀಲಿ. ಆದರೆ ಬಿಎಕ್ಸ್‌ನಲ್ಲಿ 6 ಹಾಕಿದರೆ ಪರದೆಯಲ್ಲಿ ಏನೂ ಆಗುವುದಿಲ್ಲ. ಹೊಸಬರು ತಲೆ ಕೆರೆದುಕೊಳ್ಳುವ ಜಾಗ ಇದು. ಆಟ್ರಿಬ್ಯೂಟ್‌ನ ಬಣ್ಣಕ್ಕೂ ಈ ರಿಜಿಸ್ಟರಿಗೂ ನಡುವೆ ಇನ್ನೊಂದು ಪಟ್ಟಿ ಇದೆ. ಅದರಲ್ಲಿ 0ಯಿಂದ 5, ಮತ್ತು 7, ಇದ್ದ ಹಾಗೆಯೇ. 6 ಮಾತ್ರ 20ಕ್ಕೆ ಹೋಗುತ್ತದೆ. 8ರಿಂದ 15ರವರೆಗಿನವು 56ರಿಂದ 63ಕ್ಕೆ. ಹಾಗಾಗಿ ಬಿಎಕ್ಸ್‌ನಲ್ಲಿ 20 ಹಾಕಬೇಕು.

ಕೆಂಪು 54, ಹಸಿರು 40, ನೀಲಿ 8ರ ಹತ್ತಿರ ಕಾಕಾ "ಹಾಂ, ಇಲ್ಲೇ ನಿಂದರ್ಸು" ಎಂದರು. ಕೈಯಲ್ಲಿ ನೂಲಿನ ಲಡಿ ಹಿಡಿದು ಪರದೆಯ ಪಕ್ಕಕ್ಕೆ ಇಟ್ಟು ನೋಡಿಯೇ ಒಪ್ಪಿದ್ದು. ಕಿಟಕಿಯ ಬೆಳಕಿನಲ್ಲಿ ಒಂದು, ಟ್ಯೂಬ್‌ಲೈಟಿನಲ್ಲಿ ಒಂದು, ಹೀಗೆ ಎರಡು ಅಳತೆ ಬರೆದಿಟ್ಟುಕೊಂಡಿದ್ದೇವೆ. ಪರದೆಯ ಬಣ್ಣ ನೂಲಿನ ಬಣ್ಣಕ್ಕೆ ಪೂರ್ತಿ ಸಮ ಆಗುವುದು ಸಾಧ್ಯವಿಲ್ಲ. ಯಾವ ಜೋಡಿ ಬೇಡ ಎಂದು ತಿಳಿಯಲು ಇಷ್ಟು ಸಾಕು.

ಇಷ್ಟೆಲ್ಲ ತಿರುಚಿದ ಮೇಲೆ ಹೊರಗೆ ಬರುವಾಗ ಎಲ್ಲವನ್ನೂ ಮೊದಲಿನಂತೆ ಮಾಡಬೇಕಲ್ಲ? ಅದಕ್ಕೆ ಕಷ್ಟಪಡಬೇಕಿಲ್ಲ. ಎಎಕ್ಸ್‌ನಲ್ಲಿ 3 ಹಾಕಿ ಇಂಟರಪ್ಟ್ 10ಎಚ್ ಕರೆದರೆ ಮೋಡ್ ಹೊಸದಾಗಿ ಕೂರುತ್ತದೆ. ಮಿಣುಕು, ಒಂಬತ್ತನೇ ಚುಕ್ಕಿ, ಬಣ್ಣದ ಅಳತೆ ಎಲ್ಲವೂ ಮರಳಿ ಬರುತ್ತವೆ.

ಲಿನಕ್ಸ್‌ಗೆ ಒಯ್ದಾಗ

ಕಾಕಾ ಅವರ ಮಗ ಹುಬ್ಬಳ್ಳಿಯಲ್ಲಿ ಓದುತ್ತಾನೆ. ಅವನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ, ಅಲ್ಲಿಗೂ ಬೇಕು ಎಂದ. ಡಾಸ್‌ಬಾಕ್ಸ್‌ನಲ್ಲಿ ಓಡಿಸು ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೂ 64 ಬಿಟ್‌ನಲ್ಲಿ ಬೇರೆಯೇ ಬರೆದೆ, ಸುಮ್ನೆ ಆಸೆಗೆ.

ಅಲ್ಲಿ ಬಿ800 ಇಲ್ಲ, ಬಯೋಸ್ ಇಲ್ಲ. ಬಣ್ಣವೂ ಅಕ್ಷರಗಳ ಸಾಲಿನೊಳಗೇ ಹೋಗಬೇಕು. 27ನೇ ಸಂಖ್ಯೆಯ ಎಸ್ಕೇಪ್ ಅಕ್ಷರ, ಅದರ ನಂತರ ಚೌಕ ಆವರಣದ ಎಡ ಚಿಹ್ನೆ, ಬಣ್ಣದ ಸಂಖ್ಯೆಗಳು, ಕೊನೆಗೆ ಸಣ್ಣ ಅಕ್ಷರದ ಎಂ. ಅಕ್ಷರದ ಬಣ್ಣಕ್ಕೆ 30ರಿಂದ 37, ಹಿನ್ನೆಲೆಗೆ 40ರಿಂದ 47. ಹೊಳಪಿನವು 90 ಮತ್ತು 100ರಿಂದ ಶುರು. ನಾಸ್ಮ್‌ನಲ್ಲಿ ಸಾಲನ್ನು ಓರೆ ಉದ್ಧರಣ ಚಿಹ್ನೆಯೊಳಗೆ ಬರೆದರೆ ಮಾತ್ರ ಎಸ್ಕೇಪ್ ಸಂಕೇತ ಅರ್ಥವಾಗುತ್ತದೆ. ಇಲ್ಲವಾದರೆ 27 ಎಂದೇ ಬರೆಯಿರಿ.

ಇಲ್ಲಿ ಬಣ್ಣಗಳ ಕ್ರಮ ತಿರುಗುಮುರುಗು. ಪಿಸಿಯಲ್ಲಿ ನೀಲಿ 1, ಕೆಂಪು 4. ಟರ್ಮಿನಲ್‌ನಲ್ಲಿ ಕೆಂಪು 1, ನೀಲಿ 4. ಹಸಿರು ಎರಡರಲ್ಲೂ 2. ಡಾಸ್‌ನ ಪಟ್ಟಿಗಳನ್ನು ಹಾಗೆಯೇ ತಂದರೆ ಕೆಂಪು ಸೀರೆ ನೀಲಿಯಾಗಿ ಬರುತ್ತದೆ. ಬಿಟ್ ತಿರುಗಿಸುವ ಕಸರತ್ತಿಗಿಂತ ಎಂಟು ಬೈಟಿನ ಪಟ್ಟಿ ಸುಲಭ: 0, 4, 2, 6, 1, 5, 3, 7. ಸಂಖ್ಯೆಯನ್ನು ಇದರಲ್ಲಿ ನೋಡಿ ಬದಲಿಸಿಕೊಂಡರೆ ಆಯಿತು.

177ಕ್ಕೆ ಸಾಟಿಯಾದ ಚುಕ್ಕಿ ಅಕ್ಷರ ಯೂನಿಕೋಡ್‌ನಲ್ಲಿದೆ, ಮೂರು ಬೈಟ್: 226, 150, 146. ಆದರೆ ಅದನ್ನು ಹೇಗೆ ಬಿಡಿಸಬೇಕೆಂಬುದು ಆಯಾ ಟರ್ಮಿನಲ್‌ನ, ಫಾಂಟ್‌ನ ಇಷ್ಟ. ಒಂದರಲ್ಲಿ ಚುಕ್ಕಿ, ಇನ್ನೊಂದರಲ್ಲಿ ಓರೆ ಗೆರೆ, ಮತ್ತೊಂದರಲ್ಲಿ ಬರೀ ಬೂದಿ ಬಳಿದ ಹಾಗೆ. ಸಾದಾ ನೇಯ್ಗೆಯ ಚಿತ್ರ ಸಿಗುತ್ತದೆಂಬ ಭರವಸೆ ಇಲ್ಲ. ಹಾಗಾಗಿ ಇಲ್ಲಿ ಚುಕ್ಕಿ ಬಿಟ್ಟು ಬಣ್ಣವನ್ನೇ ಬೆರೆಸಿದೆ. ಹಾಸು, ಹೊಕ್ಕು ಎರಡರ ಕೆಂಪನ್ನು ಕೂಡಿಸಿ ಒಂದು ಬಿಟ್ ಬಲಕ್ಕೆ ಸರಿಸಿದರೆ ಸರಾಸರಿ. ಹಸಿರು, ನೀಲಿಗೂ ಹಾಗೆಯೇ. ಬಂದ ಮೂರು ಸಂಖ್ಯೆಗಳನ್ನು ಹಿನ್ನೆಲೆಗೆ ಕೆಂಪು, ಹಸಿರು, ನೀಲಿ ಅಳತೆ ನೇರವಾಗಿ ಕೊಡುವ 48;2ರ ನಂತರ ಇಟ್ಟು ಖಾಲಿ ಅಕ್ಷರ ಬರೆಯುವುದು. ಇಡೀ ಪರದೆಯನ್ನು ಒಂದು ಬಫರಿನಲ್ಲಿ ಕಟ್ಟಿ, ಆರ್‌ಎಎಕ್ಸ್‌ನಲ್ಲಿ 1, ಆರ್‌ಡಿಐನಲ್ಲಿ 1 ಹಾಕಿ ಒಂದೇ ಸಿಸ್ಟಮ್ ಕಾಲ್‌ನಲ್ಲಿ ಕಳಿಸಿದರೆ ಪರದೆ ನಡುಗುವುದಿಲ್ಲ. ಸಿಸ್ಟಮ್ ಕಾಲ್ ಆರ್‌ಸಿಎಕ್ಸ್, ಆರ್11 ಎರಡನ್ನೂ ಅಳಿಸುತ್ತದೆ, ಎಣಿಕೆಯನ್ನು ಅಲ್ಲಿ ಇಡಬೇಡಿ. ಬಫರಿನ ಕೊನೆಗೆ ಸೊನ್ನೆಯ ಬಣ್ಣ ಸಂಕೇತ ಸೇರಿಸಿ, ಇಲ್ಲದಿದ್ದರೆ ಮುಂದಿನ ಪ್ರಾಂಪ್ಟ್ ಕೂಡ ಸೀರೆಯ ಬಣ್ಣದಲ್ಲೇ ಬರುತ್ತದೆ.

ಸದ್ಯ ಬಾಕಿ ಇರುವುದು ದಡಿ ಮತ್ತು ಸೆರಗು. ದಡಿ ಸುಲಭ, ಹಾಸಿನ ಪಟ್ಟಿಯ ಎರಡು ತುದಿಗೆ ಬೇರೆ ಬಣ್ಣ. ಸೆರಗಿಗೆ ಡಾಸ್ ಕಡೆಯಲ್ಲಿ ಹೊಸ ಅಕ್ಷರವನ್ನೇ ಕೂರಿಸಬೇಕೆಂದಿದ್ದೇನೆ. 1100ಎಚ್ ಸೇವೆಯಿಂದ ಫಾಂಟ್‌ನ ಯಾವ ಅಕ್ಷರವನ್ನಾದರೂ ಬದಲಿಸಬಹುದು. 11001100, 01100110, 00110011, 10011001 ಈ ನಾಲ್ಕು ಸಾಲನ್ನು ನಾಲ್ಕು ಸಲ ಇಟ್ಟರೆ ಓರೆ ನೇಯ್ಗೆ ಬರುತ್ತದೆ. ಸದ್ಯಕ್ಕೆ 176ರ ಜಾಗಕ್ಕೆ ಅದನ್ನು ಹಾಕಿ ನೋಡುತ್ತಿದ್ದೇನೆ.